ಸಪ್ಪೆ ಎಪಿಸೋಡ್ ನೋಡಿ, ಚುರುಕಾಗಿ: ದಿಲ್ಲಿ ಕನ್ನಡಿಗರಿಗೆ ಬ್ಯೋಮಕೇಶ್ ಕಲಿಸುವ ಯಶಸ್ಸಿನ ಸೂತ್ರಗಳು

ಒಳ್ಳೆಯ ಎಪಿಸೋಡ್ ಬಗ್ಗೆ ಮಾತಾಡುವುದು ಸುಲಭ. ‘ಸೂಪರ್’ ಅಂದರೆ ಮುಗಿಯಿತು. ಸಪ್ಪೆ ಎಪಿಸೋಡ್ ಬಗ್ಗೆ ಮಾತಾಡಲು ತಲೆ ಓಡಿಸಬೇಕು. ಎಲ್ಲಿ ಬಿತ್ತು, ಯಾಕೆ ಬಿತ್ತು, ಹೇಗೆ ಎತ್ತಬಹುದಿತ್ತು? ಈ ಮೂರು ಪ್ರಶ್ನೆಗೆ ಉತ್ತರ ಕೊಡಬಲ್ಲವರಿಗೆ ಮಾಕ್ ಟೆಸ್ಟ್ ವಿಶ್ಲೇಷಣೆಯೂ ಬರುತ್ತದೆ, ಆಫೀಸಿನ ರಿವ್ಯೂ ಮೀಟಿಂಗೂ ಬರುತ್ತದೆ. ಹಾಗಾಗಿ ಓಲ್ಡ್ ರಾಜಿಂದರ್ ನಗರದ ಪಿಜಿಯಲ್ಲಿ ಯುಪಿಎಸ್‌ಸಿಗೆ ಓದುತ್ತಿರುವವರು, ನೋಯ್ಡಾದಲ್ಲಿ ಕೋಡ್ ಬರೆಯುವವರು, ಗುರುಗ್ರಾಮದ ಸೈಬರ್ ಸಿಟಿಯಲ್ಲಿ ಟಾರ್ಗೆಟ್ ಹಿಂದೆ ಓಡುತ್ತಿರುವವರು ಇದನ್ನು ಓದಿ. ವಾರಕ್ಕೊಂದು ಹಳೆಯ ಪತ್ತೇದಾರಿ ಎಪಿಸೋಡ್ ನೋಡಿ ಗೆಳೆಯರ ಗುಂಪಿನಲ್ಲಿ ಚರ್ಚಿಸಿದರೆ ನಿಮಗೆ ಸಿಗುವ ಟ್ರೈನಿಂಗ್ ದೊಡ್ಡದು.

ನಾನು ಆರಿಸಿಕೊಂಡಿರುವುದು ದೂರದರ್ಶನದ ‘ಬ್ಯೋಮಕೇಶ್ ಬಕ್ಷಿ’. ಬಸು ಚಟರ್ಜಿ ನಿರ್ದೇಶನ. ಬ್ಯೋಮಕೇಶನಾಗಿ ರಜಿತ್ ಕಪೂರ್, ಗೆಳೆಯ ಅಜಿತ್ ಆಗಿ ಕೆ.ಕೆ. ರೈನಾ. ಮೊದಲು ಬಂದದ್ದು 1993ರಲ್ಲಿ, ಎರಡನೇ ಸರಣಿ 1997ರಲ್ಲಿ. 2020ರ ಲಾಕ್‌ಡೌನ್‌ನಲ್ಲಿ ಡಿಡಿ ಮತ್ತೆ ಹಾಕಿದಾಗ ಹೊಸ ತಲೆಮಾರೂ ಇದರ ಫ್ಯಾನ್ ಆಯಿತು. ಕಥೆಗಳು ಬಂಗಾಳಿಯ ಶರದಿಂದು ಬಂದ್ಯೋಪಾಧ್ಯಾಯ ಅವರವು. ದಿಲ್ಲಿಯವರಿಗೆ ಇದು ದೂರದ ಸಂಗತಿಯಲ್ಲ. ದೂರದರ್ಶನ ಹುಟ್ಟಿದ್ದೇ ಈ ಊರಿನಲ್ಲಿ, 1959ರ ಸೆಪ್ಟೆಂಬರ್ 15ರಂದು. ಮಂಡಿ ಹೌಸ್‌ನಲ್ಲಿ ಇಳಿದರೆ ದೂರದರ್ಶನ ಭವನವೂ ಸಿಗುತ್ತದೆ, ರೈನಾ ಕಲಿತ ರಾಷ್ಟ್ರೀಯ ನಾಟಕ ಶಾಲೆಯೂ ಸಿಗುತ್ತದೆ. ಆ ಶಾಲೆಯನ್ನು 1977ರಿಂದ 1981ರವರೆಗೆ ನಡೆಸಿದವರು ನಮ್ಮ ಬಿ.ವಿ. ಕಾರಂತರು.

ಈಗ ಕೆಲಸಕ್ಕೆ ಬನ್ನಿ.

1. ಪೂರ್ತಿ ನೋಡಿ, ಆಮೇಲೆ ಮಾತಾಡಿ.
ಅರ್ಧಕ್ಕೆ ಎದ್ದವರಿಗೆ ಅಭಿಪ್ರಾಯ ಹೇಳುವ ಹಕ್ಕಿಲ್ಲ. ಮೊದಲ ಸಲ ಫೋನ್ ದೂರ ಇಟ್ಟು ಪ್ರೇಕ್ಷಕರಾಗಿ ನೋಡಿ. ಎರಡನೇ ಸಲ ನೋಟ್‌ಬುಕ್ ಹಿಡಿದು ನೋಡಿ. ಟೈಮ್ ಇಲ್ಲ ಎನ್ನುವ ಮಾತೇ ಬೇಡ.

2. ‘ಬೋರ್’ ಎಂಬ ಪದವನ್ನು ಗುಂಪಿನಿಂದ ಹೊರಗೆ ಹಾಕಿ.
‘ಬೋರ್ ಹೊಡೀತು ಗುರು’ ಅಂದರೆ ನಿಮ್ಮ ಮೂಡ್ ಗೊತ್ತಾಗುತ್ತದೆ, ಎಪಿಸೋಡ್ ಬಗ್ಗೆ ಏನೂ ಗೊತ್ತಾಗುವುದಿಲ್ಲ. ನಿಮಿಷ ಹೇಳಿ. ದೃಶ್ಯ ಹೇಳಿ. ಯಾವ ಮಾತಿಗೆ ನಿಮ್ಮ ಕೈ ಫೋನಿನ ಕಡೆ ಹೋಯಿತು, ಅದನ್ನು ಬರೆಯಿರಿ. ಇದೇ ಶಿಸ್ತನ್ನು ಯುಪಿಎಸ್‌ಸಿ ಪ್ರಿಲಿಮ್ಸ್ ಮಾಕ್‌ಗೆ ತನ್ನಿ. ಜನರಲ್ ಸ್ಟಡೀಸ್ ಮೊದಲ ಪೇಪರ್‌ನಲ್ಲಿ 100 ಪ್ರಶ್ನೆ, 200 ಅಂಕ, ಎರಡು ಗಂಟೆ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಮೂರನೇ ಒಂದು ಭಾಗ ಅಂಕ ಕಟ್. ‘ಪೇಪರ್ ಟಫ್ ಇತ್ತು’ ಎಂದು ಬಂದು ಮಲಗಿದರೆ ಮುಂದಿನ ವಾರವೂ ಅದೇ ಸ್ಕೋರ್. ಗೊತ್ತಿಲ್ಲದೆ ತಪ್ಪಿದ್ದು ಎಷ್ಟು, ಗೊತ್ತಿದ್ದೂ ತಪ್ಪಿದ್ದು ಎಷ್ಟು, ಅಂದಾಜಿನ ಮೇಲೆ ಹೊಡೆದು ಕಳೆದುಕೊಂಡದ್ದು ಎಷ್ಟು? ಮೂರು ಕಾಲಂ ಹಾಕಿ. ಚಿಕಿತ್ಸೆ ಮೂರಕ್ಕೂ ಬೇರೆ ಬೇರೆ.

3. ಬಿದ್ದ ಜಾಗಕ್ಕೆ ಬೆರಳಿಡಿ.
ಉದಾಹರಣೆಗೆ ‘ಲೋಹೇ ಕಾ ಬಿಸ್ಕುಟ್’ ತೆಗೆದುಕೊಳ್ಳಿ. ಶರದಿಂದು ಕೊನೆಗಾಲದಲ್ಲಿ ಬರೆದ ಸಣ್ಣ ಕಥೆ. ಚಿನ್ನದ ಕಳ್ಳಸಾಗಣೆ ಮಾಡುವವನೊಬ್ಬ ಮನೆ ಬಿಟ್ಟು ಪರಾರಿಯಾಗಿದ್ದಾನೆ. ಅದೇ ಮನೆಯ ಬಾಡಿಗೆದಾರನಿಗೆ ಹೆಂಡತಿಯನ್ನು ಕರೆದುಕೊಂಡು ತೀರ್ಥಯಾತ್ರೆಗೆ ಹೋಗುವ ಆಸೆ, ಮನೆ ಬಿಟ್ಟು ಹೋಗಲು ಭಯ. ಚಿನ್ನದ ಬಿಸ್ಕತ್ತುಗಳಿಗೆ ಕಬ್ಬಿಣದ ಹೊದಿಕೆ ಹಾಕಿ ನೀರಿನ ಟ್ಯಾಂಕಿನಲ್ಲಿ ಮುಳುಗಿಸಿಟ್ಟಿದ್ದಾರೆ. ಬೇಕಾದಾಗ ಅಯಸ್ಕಾಂತ ಇಳಿಬಿಟ್ಟು ಎಳೆದುಕೊಳ್ಳಬಹುದು. ಐಡಿಯಾ ಚೆನ್ನಾಗಿದೆ. ಹಾಗಿದ್ದರೂ ಈ ಎಪಿಸೋಡ್ ಇದೇ ಸೀರಿಯಲ್‌ನ ‘ರಾಸ್ತೇ ಕಾ ಕಾಂಟಾ’ದಂತೆ ಹಿಡಿದು ಕೂರಿಸುವುದಿಲ್ಲ. ನನ್ನ ಮಟ್ಟಿಗೆ ಇಡೀ ಸೀರಿಯಲ್‌ನ ತೆಳು ಎಪಿಸೋಡ್‌ಗಳಲ್ಲಿ ಇದೂ ಒಂದು.

ಇಲ್ಲಿ ನಿಲ್ಲಬೇಡಿ, ಯಾಕೆ ಎಂದು ಕೇಳಿ. ಒಂದನೆಯದು, ಶೀರ್ಷಿಕೆ. ಕಬ್ಬಿಣದ ಬಿಸ್ಕತ್ತು ಎಂದು ಮೊದಲೇ ಹೇಳಿಬಿಟ್ಟ ಮೇಲೆ ಪ್ರೇಕ್ಷಕ ಕಬ್ಬಿಣವನ್ನೇ ಕಾಯುತ್ತಾನೆ. ಎರಡನೆಯದು, ಇದಕ್ಕಿಂತ ದೊಡ್ಡದು: ಶಂಕಿತರ ಸಾಲೇ ಇಲ್ಲ. ಕಳ್ಳ ಯಾರೆಂದು ಮೊದಲಿನಿಂದಲೇ ಗೊತ್ತು. ಅವನು ಬರುತ್ತಾನಾ ಎಂಬುದೊಂದೇ ಪ್ರಶ್ನೆ, ಅದಕ್ಕೂ ಉತ್ತರ ಎಲ್ಲರಿಗೂ ಗೊತ್ತು. ಬ್ಯೋಮಕೇಶ್ ಇಲ್ಲಿ ಸತ್ಯ ಹುಡುಕುವುದಕ್ಕಿಂತ ಬೋನು ಇಡುವುದರಲ್ಲೇ ಹೆಚ್ಚು ಹೊತ್ತು ಕಳೆಯುತ್ತಾನೆ. ತನ್ನನ್ನು ‘ಸತ್ಯಾನ್ವೇಷಿ’ ಎಂದೇ ಕರೆದುಕೊಳ್ಳುವ ಮನುಷ್ಯನಿಗೆ ಹುಡುಕಲು ಕೆಲಸವೇ ಕೊಡದ ಕಥೆ ಇದು.

ನೋಡಿ, ಈಗ ಕೈಗೆ ಏನೋ ಸಿಕ್ಕಿತು. ‘ಸಪ್ಪೆ’ ಎಂಬ ದೂರು ಹೋಗಿ ‘ಶಂಕಿತರಿಲ್ಲ, ಪ್ರಶ್ನೆ ಬೇಗ ಖಾಲಿಯಾಯಿತು’ ಎಂಬ ಡಯಾಗ್ನೋಸಿಸ್ ಬಂತು. ನಿಮ್ಮ ಪ್ರೆಸೆಂಟೇಷನ್ ಸಪ್ಪೆಯಾಗುವುದೂ ಹೀಗೇ. ಮೊದಲ ಸ್ಲೈಡಿನಲ್ಲೇ ಎಲ್ಲರಿಗೂ ಗೊತ್ತಿರುವ ಉತ್ತರ ಕೊಟ್ಟು ಉಳಿದ ಹತ್ತು ಸ್ಲೈಡ್ ಅದನ್ನೇ ವಿವರಿಸುತ್ತೀರಿ. ಕೇಳುವವರಿಗೆ ನಿಜವಾಗಿ ತಿಳಿಯದ ಒಂದು ಪ್ರಶ್ನೆಯನ್ನು ಮುಂದಿಡಿ.

4. ಹೋಲಿಕೆಗೆ ಸರಿಯಾದ ಜೋಡಿ ಹುಡುಕಿ.
ಸಪ್ಪೆ ಎಪಿಸೋಡನ್ನು ಅತ್ಯುತ್ತಮ ಎಪಿಸೋಡಿನ ಜೊತೆ ಹೋಲಿಸಿದರೆ ಏನೂ ಕಲಿಯುವುದಿಲ್ಲ. ಎಲ್ಲವೂ ಬೇರೆಯಾಗಿ ಕಾಣುತ್ತದೆ. ಒಂದೇ ಅಳತೆಯ ಎರಡನ್ನು ಪಕ್ಕಪಕ್ಕ ಇಡಿ. ‘ಮಕಡೀ ಕಾ ರಸ್’ ನೋಡಿ. ಅಲ್ಲಿ ಕೊಲೆಯೇ ಇಲ್ಲ. ಅಲ್ಲೂ ದೊಡ್ಡ ಸೆಟ್ ಇಲ್ಲ, ಒಂದು ಮನೆ, ಒಬ್ಬ ಮುದುಕ. ಜೇಡದ ವಿಷದ ಚಟ ಅವನಿಗೆ. ಮನೆಯವರೆಲ್ಲ ಕಾವಲಿದ್ದಾರೆ, ಆದರೂ ವಿಷ ಅವನಿಗೆ ತಲುಪುತ್ತಿದೆ. ಹೇಗೆ? ಅಷ್ಟೇ ಕಥೆ. ನಿರ್ದೇಶಕರು ಅವರೇ, ನಟರೂ ಅವರೇ, ಕೊನೆಯವರೆಗೂ ಕುರ್ಚಿ ಬಿಟ್ಟು ಏಳಲಾಗುವುದಿಲ್ಲ. ಉತ್ತರ ಆ ಕೋಣೆಯಲ್ಲೇ ಇದೆ, ನಿಮ್ಮ ಕಣ್ಣೆದುರಿಗೇ ಇದೆ. (ಅದನ್ನು ನಾನಿಲ್ಲಿ ಬಿಟ್ಟುಕೊಡುವುದಿಲ್ಲ, ನೋಡದವರು ನೋಡಲೇಬೇಕು.)

ಹಾಗಾದರೆ ‘ಕೊಲೆ ಇಲ್ಲದಿದ್ದರೆ ಸಪ್ಪೆ’ ಎಂಬ ವಾದ ಬಿದ್ದುಹೋಯಿತು. ‘ಬಜೆಟ್ ಇಲ್ಲ, ಅದಕ್ಕೇ ಸಪ್ಪೆ’ ಎಂಬುದೂ ಬಿತ್ತು. ಉಳಿದದ್ದು ಒಂದೇ: ಪ್ರಶ್ನೆ ಎಷ್ಟು ಹೊತ್ತು ಜೀವಂತವಾಗಿತ್ತು ಎಂಬುದು. ಕೆಲಸದಲ್ಲೂ ಹೀಗೆ ಮಾಡಿ. ಸೋತ ಪಿಚ್ಚನ್ನು ಕಂಪನಿಯ ಸೂಪರ್‌ಸ್ಟಾರ್‌ನ ಪಿಚ್ಚಿಗೆ ಹೋಲಿಸಿ ಕೊರಗಬೇಡಿ. ಅದೇ ಕ್ಲೈಂಟ್, ಅದೇ ಬಜೆಟ್, ಅದೇ ತಿಂಗಳು ಗೆದ್ದ ನಿಮ್ಮದೇ ಇನ್ನೊಂದು ಪಿಚ್ಚಿನ ಪಕ್ಕ ಇಡಿ. ವ್ಯತ್ಯಾಸ ತಾನಾಗಿ ಕಾಣುತ್ತದೆ.

5. ಅಜಿತ್ ಥರ ವರದಿ ಕೊಡಿ.
ಅದೇ ‘ಮಕಡೀ ಕಾ ರಸ್’ ಕಥೆಯಲ್ಲಿ ಬ್ಯೋಮಕೇಶನಿಗೆ ಬೇರೆ ಕೇಸಿನ ಗಡಿಬಿಡಿ. ಮುದುಕನ ಮನೆಗೆ ಹೋಗಿ ನೋಡಿ ಬರುವವನು ಅಜಿತ್. ಅವನಿಗೆ ಗುಟ್ಟು ಹೊಳೆಯುವುದಿಲ್ಲ. ಆದರೆ ಕಂಡದ್ದನ್ನೆಲ್ಲ ಕಂಡ ಹಾಗೆ ಹೇಳುತ್ತಾನೆ. ಅಷ್ಟರಿಂದಲೇ ಬ್ಯೋಮಕೇಶ್ ಕೇಸ್ ಬಿಡಿಸುತ್ತಾನೆ. ಜೂನಿಯರ್ ಆಗಿ ಸೇರಿದವರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಮುಖ್ಯ ಯಾವುದು, ಅಲ್ಲ ಯಾವುದು ಎಂದು ನೀವೇ ಸೋಸಿ ಕೊಡಬೇಡಿ. ಕ್ಲೈಂಟ್ ಹೇಳಿದ್ದನ್ನು ಹೇಳಿದ ಮಾತಿನಲ್ಲೇ ಬರೆಯಿರಿ. ನಿಮ್ಮ ಅಭಿಪ್ರಾಯಕ್ಕೆ ಕೆಳಗೆ ಬೇರೆ ಪ್ಯಾರಾ ಇಡಿ. ಉತ್ತರ ಗೊತ್ತಿಲ್ಲದವರೂ ಟೀಮಿಗೆ ಗೆಲುವು ತರಬಹುದು, ಅವರ ವರದಿ ನಂಬುವ ಹಾಗಿದ್ದರೆ.

6. ನೆಪಗಳ ಪಟ್ಟಿ ಮಾಡಿ, ಹರಿದು ಎಸೆಯಿರಿ.
‘ಹಳೇ ಕಾಲದ್ದು, ಹಾಗೇ ಇರುತ್ತೆ.’ ‘ಆಗ ಗ್ರಾಫಿಕ್ಸ್ ಇರಲಿಲ್ಲ.’ ‘ನಂಗೆ ಹಿಂದಿ ಅಷ್ಟು ಹಿಡಿಯಲ್ಲ.’ ಇವು ಯಾವುವೂ ಎಪಿಸೋಡ್ ಬಗ್ಗೆ ಹೇಳುವುದಿಲ್ಲ. ಹಿಂದಿ ಹಿಡಿಯದಿದ್ದರೆ ಹಿಡಿಯುವವರೆಗೆ ಕೇಳಿ. ದಿಲ್ಲಿಯಲ್ಲಿ ಕೆಲಸ ಮಾಡುವವರಿಗೆ ಅದೂ ಲಾಭವೇ.

7. ಗುಂಪಿನಲ್ಲಿ ಒಬ್ಬರಾದರೂ ಎದುರು ವಾದ ಮಾಡಲಿ.
ಎಲ್ಲರೂ ‘ಹೌದು, ವೀಕು’ ಎಂದು ತಲೆಯಾಡಿಸಿದರೆ ಚರ್ಚೆ ಅಲ್ಲಿಗೇ ಸತ್ತಿತು. ಬಸು ಚಟರ್ಜಿಯವರೇ 1986ರಲ್ಲಿ ‘ಏಕ್ ರುಕಾ ಹುವಾ ಫೈಸಲಾ’ ಮಾಡಿದರು. ಒಂದು ಕೋಣೆ, ಹನ್ನೆರಡು ಜನ ಜ್ಯೂರಿ. ಹನ್ನೊಂದು ಜನ ಹುಡುಗ ಅಪರಾಧಿ ಎಂದಾಗ ಕೈ ಎತ್ತದೆ ಕೂತವನು ಒಬ್ಬನೇ. ಆ ಪಾತ್ರ ಮಾಡಿದವರು ಅಜಿತ್ ಪಾತ್ರದ ಇದೇ ಕೆ.ಕೆ. ರೈನಾ. ಎದುರಿಗೆ ಕೂತು ಕೂಗಾಡುವವರು ಪಂಕಜ್ ಕಪೂರ್, ಅಂದರೆ 1985ರ ‘ಕರಮ್‌ಚಂದ್’ನಲ್ಲಿ ಕ್ಯಾರೆಟ್ ಕಡಿಯುತ್ತಿದ್ದ ಪತ್ತೇದಾರ. ರೈನಾ ಪಾತ್ರ ಮಾಡುವುದು ಇಷ್ಟೇ: ದನಿ ಏರಿಸದೆ ಒಂದೊಂದೇ ಸಾಕ್ಷಿ ಎತ್ತಿಕೊಂಡು ಮತ್ತೆ ನೋಡೋಣ ಎನ್ನುತ್ತದೆ.

ನಿಮ್ಮ ಗುಂಪಿನಲ್ಲಿ ಈ ಪಾತ್ರವನ್ನು ಸರದಿಯ ಮೇಲೆ ಹಂಚಿ. ಈ ವಾರ ‘ಲೋಹೇ ಕಾ ಬಿಸ್ಕುಟ್’ ಪರವಾಗಿ ವಾದಿಸುವುದು ನಿಮ್ಮ ಡ್ಯೂಟಿ ಎಂದುಕೊಳ್ಳಿ. ಆಗ ಬೇರೆಯವರು ಕಾಣದ್ದು ನಿಮಗೆ ಕಾಣುತ್ತದೆ: ಯಾತ್ರೆಗೆ ಹೋಗಲಾಗದ ಆ ಮಧ್ಯಮ ವರ್ಗದ ಗಂಡನ ಸಂಕಟ ನಿಜವಾದದ್ದು, ಬಾಡಿಗೆ ಮನೆಯಲ್ಲಿ ಇದ್ದವರಿಗೆಲ್ಲ ಅದು ಮುಟ್ಟುತ್ತದೆ. ಇಂಟರ್‌ವ್ಯೂ ಬೋರ್ಡ್ ಎದುರು ನೀವು ಒಪ್ಪದ ಪಕ್ಷವನ್ನೂ ಗೌರವದಿಂದ ಮಂಡಿಸುವ ಶಕ್ತಿ ಇಲ್ಲೇ ಬೆಳೆಯುತ್ತದೆ.

8. ದೂರಿನ ಜೊತೆ ರಿಪೇರಿಯನ್ನೂ ತನ್ನಿ.
ತಪ್ಪು ತೋರಿಸಿ ಸುಮ್ಮನಾಗುವವರನ್ನು ಯಾವ ಮ್ಯಾನೇಜರೂ ನೆನಪಿಡುವುದಿಲ್ಲ. ಎಪಿಸೋಡನ್ನು ಐದು ಸಾಲಿನಲ್ಲಿ ಮತ್ತೆ ಬರೆಯಿರಿ. ನನ್ನ ರಿಪೇರಿ ಹೀಗೆ: ಶೀರ್ಷಿಕೆ ಬದಲಿಸಿ. ಬಾಡಿಗೆದಾರನ ಮೇಲೆಯೇ ಸ್ವಲ್ಪ ಹೊತ್ತು ಅನುಮಾನ ಬರಲಿ. ಮನೆಗೆ ಬಂದುಹೋಗುವ ಇನ್ನೊಬ್ಬರು ಇರಲಿ. ಅಯಸ್ಕಾಂತವನ್ನು ಮೊದಲ ದೃಶ್ಯದಲ್ಲೇ ಯಾರೂ ಗಮನಿಸದ ಹಾಗೆ ತೋರಿಸಿ. ಟ್ಯಾಂಕ್ ಮಾತ್ರ ಕೊನೆಯವರೆಗೆ ಬರಬಾರದು. ನಿಮ್ಮ ರಿಪೇರಿ ಇದಕ್ಕಿಂತ ಚೆನ್ನಾಗಿರಬಹುದು. ಬರೆಯಿರಿ, ಗುಂಪಿನಲ್ಲಿ ಗಟ್ಟಿಯಾಗಿ ಓದಿ.

9. ಒಂದು ಸಪ್ಪೆ ಎಪಿಸೋಡ್‌ಗೆ ಹೆದರಿ ಅಂಗಡಿ ಮುಚ್ಚಬೇಡಿ.
ಇದು ಆತ್ಮವಿಶ್ವಾಸದ ಸೂತ್ರ. ಬಿ.ಪಿ. ಸಿಂಗ್ ಅವರ ‘ಸಿಐಡಿ’ 1998ರಿಂದ 2018ರವರೆಗೆ ಓಡಿತು. ಬಾಗಿಲು ಒಡೆಯುವ ದಯಾ ಆಗಿ ಮನೆಮಾತಾದವರು ನಮ್ಮ ಉಡುಪಿ ಕಡೆಯ ದಯಾನಂದ ಶೆಟ್ಟಿ. ಅಷ್ಟು ವರ್ಷ ಓಡಿದ ಸೀರಿಯಲ್‌ನಲ್ಲಿ ನಂಬಲಾಗದ ಪ್ಲಾಟ್‌ಗಳು ಇದ್ದವು, ಫ್ಯಾನ್‌ಗಳು ಅದನ್ನು ಇವತ್ತಿಗೂ ಹೇಳುತ್ತಾರೆ. ಅದೇ ತಂಡ 2004ರಲ್ಲಿ 111 ನಿಮಿಷದ ಎಪಿಸೋಡನ್ನು ಒಂದೂ ಕಟ್ ಇಲ್ಲದೆ ಒಂದೇ ಶಾಟ್‌ನಲ್ಲಿ ತೆಗೆದು ದಾಖಲೆ ಮಾಡಿತು. ವಾರವಾರ ಕೆಲಸ ಮಾಡಿ ಕೈ ಪಳಗಿದವರಿಗೇ ಆ ಧೈರ್ಯ ಬರುವುದು.

ಕನ್ನಡದಲ್ಲೇ ನೋಡಿ. ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನನ್ನು ನಮ್ಮ ಅಪ್ಪ, ಚಿಕ್ಕಪ್ಪಂದಿರು ಲೈಬ್ರರಿಯಿಂದ ತಂದು ರಾತ್ರಿಯಿಡೀ ಓದಿದರು. ಎಲ್ಲ ಪುಸ್ತಕವೂ ಒಂದೇ ಮಟ್ಟದಲ್ಲಿ ಇರಲು ಸಾಧ್ಯವಿಲ್ಲ. ಬರೆಯುವುದನ್ನು ಅವರು ನಿಲ್ಲಿಸಲಿಲ್ಲ, ಕನ್ನಡಕ್ಕೆ ಓದುಗರ ಒಂದು ದೊಡ್ಡ ಪಡೆಯೇ ಸಿಕ್ಕಿತು. ಒಂದು ಮಾಕ್‌ನಲ್ಲಿ ಸ್ಕೋರ್ ಬಿದ್ದ ದಿನ ‘ನನ್ನಿಂದ ಆಗಲ್ವೇನೋ’ ಅನ್ನುತ್ತೀರಲ್ಲ, ಅದು ಬರೀ ಅಭ್ಯಾಸ. ಬದಲಿಸಿ. ‘ಯಾವ ದೃಶ್ಯ ಬಿತ್ತು?’ ಎಂದು ಕೇಳುವ ಅಭ್ಯಾಸ ಅದರ ಜಾಗಕ್ಕೆ ಬರಲಿ.

10. ಈ ಭಾನುವಾರವೇ ಶುರು ಮಾಡಿ.
ಮೂರ್ನಾಲ್ಕು ಜನ ಸಾಕು. ಶನಿವಾರ ರಾತ್ರಿ ಎಲ್ಲರೂ ಒಂದೇ ಎಪಿಸೋಡನ್ನು ತಮ್ಮ ತಮ್ಮ ರೂಮಿನಲ್ಲಿ ನೋಡಿ. ಭಾನುವಾರ ಮೆಟ್ರೋದ ಪಿಂಕ್ ಲೈನಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿಟ್ಟ ಮೋತಿ ಬಾಗ್ ಸ್ಟೇಷನ್‌ಗೆ ಬನ್ನಿ, ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘ ಅಲ್ಲಿಂದ ದೂರವಿಲ್ಲ. ದೋಸೆ ತಿನ್ನಿ, ಕಾಫಿ ಕುಡಿಯಿರಿ. ಮಾತಿಗೆ ಒಂದು ಗಂಟೆ, ಅದಕ್ಕಿಂತ ಹೆಚ್ಚು ಬೇಡ. ಒಬ್ಬರು ನಿಮಿಷ ಹೇಳಲಿ, ಒಬ್ಬರು ಜೋಡಿ ಎಪಿಸೋಡ್ ತರಲಿ, ಒಬ್ಬರು ಎದುರು ವಾದಿಸಲಿ, ಒಬ್ಬರು ಎಲ್ಲವನ್ನೂ ಅಜಿತ್ ಥರ ಬರೆದುಕೊಳ್ಳಲಿ. ಮೊದಲ ವಾರ ‘ಲೋಹೇ ಕಾ ಬಿಸ್ಕುಟ್’, ಎರಡನೇ ವಾರ ‘ಮಕಡೀ ಕಾ ರಸ್’. ಮೂರನೇ ವಾರ ಎಪಿಸೋಡ್ ಬಿಡಿ. ನಿಮ್ಮದೇ ಒಂದು ಸೋತ ಮಾಕ್ ಟೆಸ್ಟನ್ನೋ ತಿರಸ್ಕೃತವಾದ ಪ್ರಪೋಸಲನ್ನೋ ಪ್ರಿಂಟ್ ತೆಗೆದುಕೊಂಡು ಹೋಗಿ, ಮೇಜಿನ ಮೇಲಿಟ್ಟು ಗೆಳೆಯರ ಕೈಗೆ ಪೆನ್ ಕೊಡಿ.