ಹುಸಿ ಎರೆ: ಹಳೆಯ ಗಾಳದ ತಗಡು ಕಲಿಸುವ ಪಾಠ

ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಲ್ಲಾಗಲಿ, ಧಾರವಾಡದ ಕೆಲಗೇರಿ ಕೆರೆಯ ದಂಡೆಯಲ್ಲಾಗಲಿ ಗಾಳ ಹಾಕಿ ಕುಳಿತವರನ್ನು ಕಂಡವರಿಗೆ ಎರೆಹುಳುವಿನ ಉಪಯೋಗವನ್ನು ಹೇಳಬೇಕಾಗಿಲ್ಲ. ಹಸಿದ ಮೀನು ಹುಳುವನ್ನು ನುಂಗಲು ಬಂದು ಕೊಕ್ಕೆಗೆ ಸಿಕ್ಕುತ್ತದೆ. ಆದರೆ ವಾಸನೆಯಿಲ್ಲದ, ರುಚಿಯಿಲ್ಲದ, ಜೀವವಿಲ್ಲದ ಹಿತ್ತಾಳೆಯ ತಗಡಿಗೂ ಮೀನು ಬಾಯಿ ಹಾಕುವುದುಂಟು. ಇಂಥ ಹುಸಿ ಎರೆಗೆ ಇಂಗ್ಲಿಷಿನಲ್ಲಿ ಲ್ಯೂರ್ ಎನ್ನುತ್ತಾರೆ. ಹಳೆಯ ಲ್ಯೂರುಗಳನ್ನು ಕೂಡಿಡುವ ಹವ್ಯಾಸ ಹಲವು ದೇಶಗಳಲ್ಲಿದೆ. ಆ ಹವ್ಯಾಸದ ಹಿಂದಿರುವ ವಿಜ್ಞಾನವನ್ನು ಇಲ್ಲಿ ವಿಚಾರಿಸೋಣ.

ತಗಡು ಮೀನಾಗುವ ಬಗೆ

ಲ್ಯೂರುಗಳಲ್ಲಿ ಬಹು ಪ್ರಸಿದ್ಧವಾದುದು ಚಮಚದ ಆಕಾರದ್ದು. ಅಮೆರಿಕೆಯ ಜೂಲಿಯೊ ಬ್ಯುಯೆಲ್ ಎಂಬಾತನು 1852ರಲ್ಲಿ ಇಂಥದೊಂದಕ್ಕೆ ಪೇಟೆಂಟು ಪಡೆದನು. ನೀರಿನಲ್ಲಿ ಎಳೆದೊಡನೆ ಅದು ಗಾಯಗೊಂಡ ಮರಿಮೀನಿನಂತೆ ಹೊಯ್ದಾಡುತ್ತದೆ.

ಇದರ ತತ್ತ್ವವನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಚಮಚದ ಹಿಡಿಯ ತುದಿಯನ್ನು ಎರಡು ಬೆರಳುಗಳಿಂದ ಸಡಿಲವಾಗಿ ಹಿಡಿದು ತೂಗಬಿಡಿರಿ. ಅದರ ಉಬ್ಬಿದ ಬೆನ್ನನ್ನು ನಲ್ಲಿಯ ಧಾರೆಗೆ ಮೆಲ್ಲನೆ ಸೋಕಿಸಿರಿ. ಧಾರೆ ಚಮಚವನ್ನು ಹೊರಕ್ಕೆ ತಳ್ಳಬೇಕಲ್ಲವೆ? ಹಾಗಾಗುವುದಿಲ್ಲ, ಚಮಚವು ಧಾರೆಯ ಒಳಕ್ಕೇ ಸೆಳೆಯಲ್ಪಡುತ್ತದೆ. ನೀರು ಬಾಗಿದ ಮೈಗೆ ಅಂಟಿಕೊಂಡು ತನ್ನ ದಿಕ್ಕನ್ನು ಬದಲಿಸುತ್ತದೆ. ನೀರು ಒಂದು ಬದಿಗೆ ತಿರುಗಿತೆಂದರೆ, ನ್ಯೂಟನ್ನನ ಮೂರನೆಯ ನಿಯಮದಂತೆ, ಚಮಚವು ಇನ್ನೊಂದು ಬದಿಗೆ ಸರಿಯಲೇಬೇಕು. ನದಿಯಲ್ಲಿ ಎಳೆಯಲ್ಪಡುವ ತಗಡಿನ ಎರಡು ಮೈಗಳ ಮೇಲೂ ಒತ್ತಡ ಸಮನಾಗಿರುವುದಿಲ್ಲ. ಅದರ ಹಿಂದೆ ಸುಳಿಗಳು ಹುಟ್ಟಿ ಕಳಚುತ್ತವೆ. ಆದುದರಿಂದಲೇ ಅದು ಅತ್ತಿತ್ತ ಓಲಾಡುತ್ತದೆ.

ಈ ಓಲಾಟವನ್ನು ಮೀನು ಎರಡು ಬಗೆಯಲ್ಲಿ ಅರಿಯುತ್ತದೆ. ತಿಳಿನೀರಿನಲ್ಲಿ ತಗಡಿನ ಮಿಂಚು ಅದರ ಕಣ್ಣಿಗೆ ಬೀಳುತ್ತದೆ. ಕದಡಿದ ನೀರಿನಲ್ಲಿ, ಮೈಯ ಇಕ್ಕೆಲಗಳಲ್ಲಿಯೂ ಹಾದುಹೋಗಿರುವ ಪಾರ್ಶ್ವರೇಖೆ ಎಂಬ ಇಂದ್ರಿಯವು ನೀರಿನ ಅಲುಗಾಟವನ್ನು ಗ್ರಹಿಸುತ್ತದೆ. ಆಳಕ್ಕೆ ಹೋದಂತೆ ನೀರು ಕೆಂಪು ಬೆಳಕನ್ನು ಬೇಗನೆ ಹೀರಿಬಿಡುವುದರಿಂದ, ಅಂಗಡಿಯಲ್ಲಿ ಮನಸೆಳೆಯುವ ಕೆಂಪು ಬಣ್ಣವು ಅಲ್ಲಿ ಮಂಕಾಗಿ ಕಾಣುವುದು.

ನಮ್ಮ ನಾಡಿನ ಮಹಶೀರ್

ಈ ವಿದ್ಯೆಗೆ ಕನ್ನಡನಾಡಿನೊಡನೆ ಹಳೆಯ ಸಂಬಂಧವಿದೆ. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಎಚ್. ಎಸ್. ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಗ್ರಂಥವು 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಗಾಳಗಾರರ ಕಣ್ಣು ಮುಖ್ಯವಾಗಿ ನೆಟ್ಟಿದ್ದುದು ಮಹಶೀರ್ ಮೀನಿನ ಮೇಲೆ. ಇದರ ದವಡೆಯಲ್ಲಿ ಹಲ್ಲುಗಳಿಲ್ಲ, ಗಂಟಲಿನಲ್ಲಿವೆ. ಅದರ ಬಾಯಿಯ ಬಿಗಿತಕ್ಕೆ ಸಾಧಾರಣ ಕೊಕ್ಕೆ ನುಗ್ಗಾಗಿಬಿಡುತ್ತದೆ. ಮಹಶೀರಿಗಾಗಿ ಮಾಡಿದ ಹಳೆಯ ಚಮಚಗಳಿಗೆ ದಪ್ಪ ಕೊಕ್ಕೆ, ಬಲವಾದ ಬಳೆ ಇರುವುದಕ್ಕೆ ಇದೇ ಕಾರಣ. 1919ರಲ್ಲಿ 119 ಪೌಂಡಿನ ಮಹಶೀರ್ ಸಿಕ್ಕಿತು; 1946ರಲ್ಲಿ ಮೈಸೂರಿನ ಜೆ. ಡಿವೆಟ್ ವ್ಯಾನ್ ಇಂಗೆನ್ ಕಬಿನಿ ನದಿಯಲ್ಲಿ 120 ಪೌಂಡಿನ, ಎಂದರೆ ಸುಮಾರು 54 ಕಿಲೋಗ್ರಾಂ ತೂಕದ ಮೀನನ್ನು ಹಿಡಿದರು.

ಸಂಗ್ರಾಹಕರಿಗೆ ಕೆಲವು ಸೂಚನೆಗಳು

ಲ್ಯೂರಿನ ವಯಸ್ಸನ್ನು ಊಹಿಸಲು ಅದರ ವಸ್ತುವೇ ಸಾಕ್ಷಿ. ಬೇಕಲೈಟ್ ಎಂಬ ಪ್ಲಾಸ್ಟಿಕ್ಕನ್ನು ಕಂಡುಹಿಡಿದದ್ದು 1907ರಲ್ಲಿ. ಅದರಿಂದ ಮಾಡಿದ ಭಾಗವು ಅದಕ್ಕಿಂತ ಹಳೆಯದಾಗಿರಲಾರದು. ಹಿತ್ತಾಳೆಯ ಮೇಲೆ ಕಾಲಕ್ರಮದಲ್ಲಿ ಕಟ್ಟಿದ ಕಂದು ಪದರವನ್ನು ಹುಣಿಸೆಹಣ್ಣು ಹಾಕಿ ತಿಕ್ಕಬಾರದು. ತಿಕ್ಕಿದರೆ ಆ ಪದರದೊಡನೆ ತಯಾರಕನ ಮುದ್ರೆಯೂ ಸವೆಯಬಹುದು. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವುಂಟು. ಮುಟ್ಟಿದ ಬಳಿಕ ಕೈ ತೊಳೆಯಬೇಕು. ನೀರಿಗಿಳಿಸುವುದಾದರೆ ತುಕ್ಕು ಹಿಡಿದ ಕೊಕ್ಕೆಯನ್ನು ಕಳಚಿ ಜೋಪಾನವಾಗಿರಿಸಿ, ಮುಳ್ಳಿಲ್ಲದ ಹೊಸ ಕೊಕ್ಕೆಯನ್ನು ತೊಡಿಸತಕ್ಕದ್ದು. ಆಗ ಹಿಡಿದ ಮೀನನ್ನು ಹೆಚ್ಚು ನೋವಿಲ್ಲದೆ ಬಿಟ್ಟುಬಿಡಬಹುದು. ಕೆರೆಯಲ್ಲಿ ಗಾಳ ಹಾಕಲು ಸಂಬಂಧಪಟ್ಟವರ ಅನುಮತಿ ಬೇಕು, ಅಭಯಾರಣ್ಯದೊಳಗೆ ಹಾಕಲೇಕೂಡದು.

ತಗಡಿಗಿಂತ ಟಿಪ್ಪಣಿ ಮೇಲು

ಇಷ್ಟೆಲ್ಲ ಕೂಡಿಟ್ಟು, ಯಾವ ನದಿಯಲ್ಲಿ, ಯಾವ ದಿನ, ಯಾವ ಮೀನು, ಎಷ್ಟು ತೂಕ ಎಂಬುದನ್ನು ಬರೆದಿಡದಿದ್ದರೆ ಸಂಗ್ರಹದ ಅರ್ಧ ಬೆಲೆ ಹೋದಂತೆಯೇ. ಇದಕ್ಕೊಂದು ನಿದರ್ಶನವಿದೆ. ಕಾವೇರಿ ತೀರದ ಗಾಲಿಬೋರೆಯಲ್ಲಿ ಗಾಳಗಾರರು ಹಿಡಿದು ಬಿಟ್ಟ ಮೀನುಗಳ 1998ರಿಂದ 2012ರವರೆಗಿನ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸಿಕ್ಕುವ ಮಹಶೀರುಗಳ ಒಟ್ಟು ಸಂಖ್ಯೆ ಹೆಚ್ಚಿದ್ದಿತು. ಆದರೆ ಹೆಚ್ಚಿದುದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಜಾತಿ. ಕಾವೇರಿಯ ಸ್ವಂತ ಮೀನಾದ, ಬೆನ್ನು ಡುಬ್ಬಾದ ಮಹಶೀರ್ ಕ್ರಮೇಣ ಕಣ್ಮರೆಯಾಗುತ್ತಿದ್ದಿತು. ಆ ಡುಬ್ಬದ ಜಾತಿ ತೋರ್ ರೆಮಾದೇವಿ ಎಂದು ನಿಶ್ಚಯವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಮೀನುಗಳನ್ನು ಜಾತಿವಾರು ಬರೆದಿಡದೆ ಬರಿಯ ಸಂಖ್ಯೆಯನ್ನಷ್ಟೇ ಎಣಿಸಿದ್ದರೆ, ನದಿ ಸಮೃದ್ಧವಾಗಿದೆಯೆಂದೇ ಎಲ್ಲರೂ ನಂಬಿಬಿಡುತ್ತಿದ್ದರು.

ಆದುದರಿಂದ ಹಳೆಯ ಲ್ಯೂರೊಂದು ಕೈಗೆ ಸಿಕ್ಕಿದಾಗ ಅದನ್ನು ಕೊಟ್ಟವರನ್ನು ಕೂಡಲೇ ವಿಚಾರಿಸಿರಿ. ಅವರು ಹೇಳಿದ ಊರು, ನದಿ, ವರ್ಷ, ಮೀನುಗಳ ವಿವರವನ್ನು ಒಂದು ಚೀಟಿಯಲ್ಲಿ ಬರೆದು ಲ್ಯೂರಿನ ಜೊತೆಯಲ್ಲಿಯೇ ಇರಿಸಿರಿ.