ರಾಶಿಗೆ ಬಿದ್ದ ಕಾಯಿ: ಎರಡು ಲ್ಯಾಪ್‌ಟಾಪ್, ಒಂದು ಫೈಲ್

ಮೂರನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ನಲ್ಲಿ ನಾವು 64 ತೆಂಗಿನ ಮರಗಳ ಲೆಕ್ಕ ಕಳ್ಕೊಂಡ್ವಿ. ವೈರಸ್ ಬರಲಿಲ್ಲ, ಹಾರ್ಡ್ ಡಿಸ್ಕೂ ಕೆಡಲಿಲ್ಲ. ನಾವೇ ಬರೆದ ಎರಡು ಸಾಲಿನ ಸ್ಕ್ರಿಪ್ಟ್ ನಾವು ಹೇಳಿದಂತೆಯೇ ಕೆಲಸ ಮಾಡಿ ಫೈಲನ್ನು ಅಳಿಸಿ ಹಾಕ್ತು. ಹಾಸ್ಟೆಲ್‌ಗೂ ಊರಿಗೂ ಫೈಲ್ ಹೊತ್ಕೊಂಡು ಓಡಾಡೋ ಎಲ್ಲರಿಗೂ ಈ ಪಾಠ ಬೇಕಾಗುತ್ತೆ ಅಂತ ಬರೀತಿದ್ದೀವಿ.

ಏನಾಯ್ತು?

ನಮ್ಮ ಟೀಮ್‌ನಲ್ಲಿ ಒಬ್ಬಳ ಊರು ಅರಸೀಕೆರೆ ತಾಲ್ಲೂಕಿನ ಗಂಡಸಿ. ಅವರ ತೋಟದಲ್ಲಿ ಎಂಟೆಂಟು ಮರದ ಎಂಟು ಸಾಲಿಗೆ ನಂಬರ್ ಹಾಕಿದ್ವಿ. ಯಾವ ಮರದಲ್ಲಿ ಎಷ್ಟು ಕಾಯಿ, ಗರಿಯಲ್ಲಿ ಕಪ್ಪು ತಲೆ ಹುಳುವಿನ ಗುರುತು ಇದೆಯಾ, ಇಷ್ಟು ಬರೆದು, ಹುಳು ಬಿದ್ದ ಮರದ ಇಳುವರಿ ಎಷ್ಟು ಕಡಿಮೆ ಅಂತ ನೋಡೋದು ಪ್ರಾಜೆಕ್ಟ್.

ಶನಿವಾರ ಕಾಯಿ ಕೆಡವಿದರು. ಕಾಯಿ ಮರದ ಬುಡದಲ್ಲಿ ಬಿದ್ದಿರುವಾಗಲೇ ಅವಳು ಎಣಿಸಿ ಲ್ಯಾಪ್‌ಟಾಪ್‌ನಲ್ಲಿ ಬರೆದಳು. ತೋಟದಲ್ಲಿ ನೆಟ್‌ವರ್ಕ್ ಇರಲಿಲ್ಲ. ಅದೇ ದಿನ ಹಾಸ್ಟೆಲ್‌ನಲ್ಲಿ ನಮ್ಮಲ್ಲೊಬ್ಬ ಅದೇ ಫೈಲಿನ ಕಾಲಮ್ ಹೆಸರುಗಳನ್ನು ಸರಿ ಮಾಡ್ತಾ ಕೂತಿದ್ದ.

ಭಾನುವಾರ ರಾತ್ರಿ ಅವಳು ವಾಪಸ್ ಬಂದು ಸ್ಕ್ರಿಪ್ಟ್ ಓಡಿಸಿದಳು. ಅದರಲ್ಲಿದ್ದದ್ದು ಆರ್‌ಸಿಂಕ್. 1996ರಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಸ್ ಬರೆದ ಒಳ್ಳೆಯ ಪ್ರೋಗ್ರಾಂ. ತಪ್ಪು ಅದರದ್ದಲ್ಲ, ಒಂದು ಕಡೆಗೆ ಕಾಪಿ ಮಾಡೋಕೆ ಇರೋದನ್ನ ನಾವು ಎರಡೂ ಕಡೆಗೆ ಬಳಸಿದ್ವಿ. ಮೊದಲು ಅವಳ ಲ್ಯಾಪ್‌ಟಾಪ್‌ನಿಂದ ಹಾಸ್ಟೆಲ್ ಕಂಪ್ಯೂಟರ್‌ಗೆ, ಆಮೇಲೆ ಅಲ್ಲಿಂದ ಇಲ್ಲಿಗೆ. ಎರಡಕ್ಕೂ 'ಆ ಕಡೆ ಇರೋ ಫೈಲ್ ಹೊಸದಾಗಿದ್ರೆ ಮುಟ್ಟಬೇಡ' ಅನ್ನೋ ಆಪ್ಷನ್ ಹಾಕಿದ್ವಿ.

ಅವಳದ್ದು ಹಳೇ ಲ್ಯಾಪ್‌ಟಾಪ್. ಮದರ್‌ಬೋರ್ಡ್‌ನ ಪುಟ್ಟ ಬ್ಯಾಟರಿ ಸತ್ತಿತ್ತು. ಪೂರ್ತಿ ಆಫ್ ಆಗಿ ಆನ್ ಆದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತೆ, ನೆಟ್ ಸಿಕ್ಕಿದ ಮೇಲೇ ಸರಿಯಾಗೋದು. ಹಾಗಾಗಿ ತೋಟದಲ್ಲಿ ಸೇವ್ ಆದ ಫೈಲ್ ಮೇಲೆ ಹಳೇ ತಾರೀಖು ಬಿದ್ದಿತ್ತು. ಸ್ಕ್ರಿಪ್ಟ್‌ಗೆ ಹಾಸ್ಟೆಲ್ ಕಾಪಿಯೇ ಹೊಸದಾಗಿ ಕಾಣ್ತು. ಹೋಗುವಾಗ ಅವಳ ಫೈಲನ್ನು ಬಿಟ್ಟಿತು, ಬರುವಾಗ ಅದರ ಮೇಲೇ ಬರೆಯಿತು. ಒಂದು ಎರರ್ ಮೆಸೇಜೂ ಬರಲಿಲ್ಲ.

ಊರಿಗೆ ಫೋನ್ ಮಾಡಿದರೆ ಅವಳ ತಾತ ಅಂದರು: "ಎಲ್ಲಾ ರಾಶಿಗೆ ಹಾಕಾಯ್ತು. ಇನ್ನು ಯಾವ ಕಾಯಿ ಯಾವ ಮರದ್ದು ಅಂತ ಹೆಂಗವ್ವ ಹೇಳೋದು?"

ತಾರೀಖು ಸರಿ ಇದ್ದಿದ್ರೆ?

ನಮಗೂ ಮೊದಲು ಬ್ಯಾಟರಿಯದ್ದೇ ತಪ್ಪು ಅನ್ನಿಸ್ತು. ಆದ್ರೆ ಯೋಚನೆ ಮಾಡಿ. ತಾರೀಖು ಸರಿ ಇದ್ದಿದ್ರೂ ಯಾರು ಕೊನೆಗೆ ಸೇವ್ ಮಾಡಿದರೋ ಅವರ ಫೈಲ್ ಉಳೀತಿತ್ತು, ಇನ್ನೊಬ್ಬರ ಕೆಲಸ ಹೋಗ್ತಿತ್ತು. 'ಯಾವುದು ಹೊಸದು?' ಅನ್ನೋ ಪ್ರಶ್ನೆಯೇ ತಪ್ಪು. ಕೇಳಬೇಕಾದ್ದು: ಈ ಕಾಪಿಯನ್ನು ಬದಲಾಯಿಸಿದವರು ಆ ಕಾಪಿಯ ಬದಲಾವಣೆ ನೋಡಿದ್ರಾ, ಇಲ್ವಾ?

ಗಡಿಯಾರ ನಂಬದೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಳೋ ದಾರಿಯನ್ನು ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ಬರೆದಿದ್ದರು. ಫೈಲ್ ಕಾಪಿಗಳಿಗೆ ಬೇಕಾದ 'ವರ್ಷನ್ ವೆಕ್ಟರ್' 1983ರ ಪೇಪರ್‌ನಲ್ಲಿ ಬಂತು. ಹೆಸರು ದೊಡ್ಡದು, ಲೆಕ್ಕ ಚಿಕ್ಕದು. ಪ್ರತಿ ಫೈಲಿನ ಜೊತೆ ಯಾವ ಮಷಿನ್‌ನಲ್ಲಿ ಎಷ್ಟು ಸಲ ಬದಲಾಗಿದೆ ಅಂತ ಬರೆದಿಡೋದು, ಅಷ್ಟೇ.

ಶುಕ್ರವಾರ, ಎರಡೂ ಕಡೆ: ಗಂಡಸಿ 1, ಹಾಸ್ಟೆಲ್ 1.
ಶನಿವಾರ, ಅವಳ ಕಾಪಿ: ಗಂಡಸಿ 2, ಹಾಸ್ಟೆಲ್ 1.
ಶನಿವಾರ, ಹಾಸ್ಟೆಲ್ ಕಾಪಿ: ಗಂಡಸಿ 1, ಹಾಸ್ಟೆಲ್ 2.

ಒಂದು ಕಾಪಿಯ ಯಾವ ಸಂಖ್ಯೆಯೂ ಇನ್ನೊಂದರದ್ದಕ್ಕಿಂತ ಕಡಿಮೆ ಇಲ್ಲದಿದ್ರೆ, ಅದು ಇನ್ನೊಂದನ್ನು ನೋಡಿದೆ ಅಂತ ಅರ್ಥ, ಧೈರ್ಯವಾಗಿ ಮೇಲೆ ಬರೀಬಹುದು. ಇಲ್ಲಿ ಒಂದರಲ್ಲಿ ಇವರು ಮುಂದೆ, ಇನ್ನೊಂದರಲ್ಲಿ ಅವರು ಮುಂದೆ. ಅಂದ್ರೆ ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಬದಲಾಯಿಸಿದ್ದಾರೆ. ಕಾನ್‌ಫ್ಲಿಕ್ಟ್ ಅಂದ್ರೆ ಇದೇ. ತಾರೀಖು ಯಾವ ವರ್ಷ ತೋರಿಸಿದ್ರೂ ಈ ಲೆಕ್ಕ ಕೆಡಲ್ಲ.

ಸಿಂಕ್‌ಥಿಂಗ್ ಈ ಲೆಕ್ಕವನ್ನೇ ಬಳಸುತ್ತೆ. ಕಾನ್‌ಫ್ಲಿಕ್ಟ್ ಕಂಡರೆ ಒಂದು ಕಾಪಿಗೆ 'ಸಿಂಕ್ ಕಾನ್‌ಫ್ಲಿಕ್ಟ್' ಅಂತ ಹೆಸರಿಟ್ಟು ಪಕ್ಕದಲ್ಲಿ ಉಳಿಸುತ್ತೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಬೆಂಜಮಿನ್ ಪಿಯರ್ಸ್ ಅವರ ತಂಡ ಮಾಡಿದ ಯೂನಿಸನ್ ಬೇರೆ ದಾರಿ ಹಿಡಿಯುತ್ತೆ. ಕಳೆದ ಸಲ ಸಿಂಕ್ ಆದಾಗ ಫೈಲ್ ಹೇಗಿತ್ತು ಅಂತ ನೆನಪಿಟ್ಟುಕೊಂಡು, ಎರಡೂ ಕಡೆ ಬದಲಾಗಿದ್ರೆ ತಾನಾಗಿ ಏನೂ ಮಾಡದೆ ನಮ್ಮನ್ನೇ ಕೇಳುತ್ತೆ.

ಕಾನ್‌ಫ್ಲಿಕ್ಟ್ ಬಂದ ಮೇಲೆ

ಎರಡು ಕಾಪಿ ಮಾತ್ರ ಇದ್ರೆ ಸೇರಿಸೋದು ಕಷ್ಟ. ಮೂರನೆಯದು, ಅಂದ್ರೆ ಬೇರೆಯಾಗೋ ಮೊದಲಿನ ಕಾಪಿಯೂ ಬೇಕು. ಅದರಲ್ಲಿ 17ನೇ ಮರದ ಮನೆ ಖಾಲಿ, ಅವಳದ್ದರಲ್ಲಿ 38, ಹಾಸ್ಟೆಲ್‌ನದ್ದರಲ್ಲಿ ಈಗಲೂ ಖಾಲಿ ಅನ್ಕೊಳ್ಳಿ. ಬದಲಾಯಿಸಿದ್ದು ಅವಳು ಮಾತ್ರ, ಹಾಗಾಗಿ 38 ತಗೊಳ್ಳಿ. ಕಾಲಮ್ ಹೆಸರು ಬದಲಾಯಿಸಿದ್ದು ಹಾಸ್ಟೆಲ್‌ನವನು ಮಾತ್ರ, ಅದನ್ನು ಅವನದ್ದರಿಂದ ತಗೊಳ್ಳಿ. ಅವಳು 38, ಅವನು 83 ಅಂತ ಒಂದೇ ಮನೆಯಲ್ಲಿ ಬರೆದಿದ್ರೆ? ಆಗ ಯಾವ ಅಲ್ಗಾರಿದಮ್ಮೂ ಹೇಳಲ್ಲ. ಮರದ ಬುಡದಲ್ಲಿ ನಿಂತು ಎಣಿಸಿದವರನ್ನೇ ಕೇಳಬೇಕು.

ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಶುರು ಮಾಡಿದ ಗಿಟ್ ಇದನ್ನು ಸಾಲು ಸಾಲಾಗಿ ಮಾಡುತ್ತೆ. ಆದ್ರೆ ಎಕ್ಸೆಲ್ ಫೈಲ್ ಒಳಗಿನಿಂದ ಜಿಪ್ ಆದ ಗಂಟು, ಗಿಟ್‌ಗೆ ಅದರಲ್ಲಿ ಸಾಲು ಕಾಣಲ್ಲ. ಅದಕ್ಕೇ ಅಂಕಿಗಳನ್ನು ಸಿಎಸ್‌ವಿ ಫೈಲಿನಲ್ಲಿಡಿ.

ಕನ್ನಡದ ಫೈಲ್ ಹೆಸರಿಗೆ ಒಂದು ಎಚ್ಚರಿಕೆ

ನಾವು ಫೋಲ್ಡರ್‌ಗೆ 'ತೋಟ' ಅಂತ ಹೆಸರಿಟ್ಟಿದ್ವಿ. ಒಂದು ದಿನ ನೋಡಿದರೆ ಲಿನಕ್ಸ್‌ನಲ್ಲಿ ಪಕ್ಕಪಕ್ಕದಲ್ಲಿ ಎರಡು 'ತೋಟ'! ಯೂನಿಕೋಡ್‌ನಲ್ಲಿ 'ತೋ' ಬರೆಯೋಕೆ ಒಂದಕ್ಕಿಂತ ಹೆಚ್ಚು ದಾರಿ ಇದೆ. 'ತ' ಆದ ಮೇಲೆ ಓಕಾರದ ಒಂದೇ ಚಿಹ್ನೆ ಹಾಕಬಹುದು, ಇಲ್ಲಾಂದ್ರೆ ಅದನ್ನು ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘ ಅಂತ ಮೂರು ಚಿಹ್ನೆಯಾಗಿ ಬಿಡಿಸಬಹುದು. ಮೊದಲನೆಯದರಲ್ಲಿ 'ತೋಟ' ಮೂರು ಕೋಡ್, ಎರಡನೆಯದರಲ್ಲಿ ಐದು. ಕಣ್ಣಿಗೆ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಮ್ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು, ನಮ್ಮಲ್ಲಿ ಒಬ್ಬರದ್ದು ಅಂಥದ್ದೇ ಮ್ಯಾಕ್. ಕನ್ನಡದಲ್ಲಿ ಹೆಸರಿಡೋದನ್ನ ಬಿಡಬೇಡಿ. ಸಿಂಕ್ ಸ್ಕ್ರಿಪ್ಟ್ ಬರೆಯುವಾಗ ಎಲ್ಲ ಹೆಸರನ್ನೂ ಮೊದಲು ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಪೈಥಾನ್‌ನಲ್ಲಿ ಒಂದೇ ಸಾಲಿನ ಕೆಲಸ.

ಈಗ ನಾವು ಮಾಡ್ತಿರೋದು

1. ಒಬ್ಬರಿಗೆ ಒಂದು ಫೈಲ್. ಎಲ್ಲರೂ ಒಂದೇ ಫೈಲಿಗೆ ಬರೆಯಲ್ಲ, ಕೊನೆಗೆ ಸ್ಕ್ರಿಪ್ಟ್ ಸೇರಿಸುತ್ತೆ. ಕಾನ್‌ಫ್ಲಿಕ್ಟ್ ಮುಕ್ಕಾಲು ಪಾಲು ಇಲ್ಲೇ ತಪ್ಪುತ್ತೆ.
2. ಕಾನ್‌ಫ್ಲಿಕ್ಟ್ ಕಾಪಿ ಕಂಡ ತಕ್ಷಣ ಡಿಲೀಟ್ ಮಾಡಲ್ಲ. ಅದು ಕಸ ಅಲ್ಲ, ಯಾರೋ ಮಾಡಿದ ಕೆಲಸ.
3. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಒಂದು ಕಡೆ ಅಳಿಸಿದರೆ ಸಿಂಕ್ ಅದನ್ನು ಎಲ್ಲ ಕಡೆಯೂ ಅಳಿಸಬಹುದು. ಅದಕ್ಕೇ ವಾರಕ್ಕೊಮ್ಮೆ ಪೆನ್ ಡ್ರೈವ್‌ಗೆ ಬೇರೆ ಕಾಪಿ.
4. ಊರಿಗೆ ಹೋಗೋ ಮೊದಲು ಸಿಂಕ್, ಬಂದ ಮೇಲೆ ಮೊದಲು ಕಾಪಿ, ಆಮೇಲೆ ಸಿಂಕ್.

ನಮ್ಮ ಅಂಕಿಗಳು ಏನಾದವು? ಅವಳು ಎಣಿಸ್ತಾ ಇದ್ದಾಗ ತಾತ ತಮ್ಮ ಲೆಕ್ಕದ ಪುಸ್ತಕದಲ್ಲಿ ಸಾಲಿನ ಮೊತ್ತ ಬರ್ಕೊಂಡಿದ್ದರು. 64 ಅಂಕಿಯ ಜಾಗದಲ್ಲಿ ಎಂಟು ಸಿಕ್ಕವು. ಹುಳು ಬಿದ್ದ ಮರ, ಬೀಳದ ಮರ ಎರಡೂ ಒಂದೇ ಸಾಲಿನಲ್ಲಿ ಇದ್ದದ್ದರಿಂದ ನಮ್ಮ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ರಿಪೋರ್ಟ್‌ನಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದ್ವಿ.

ಮುಂದಿನ ಸಲ ಕಾಯಿ ಕೆಡವುವಾಗ ಮತ್ತೆ ಗಂಡಸಿಗೆ ಹೋಗ್ತೀವಿ. ಈ ಸಲ ಲ್ಯಾಪ್‌ಟಾಪ್‌ಗೆ ಹೊಸ ಬ್ಯಾಟರಿ ಹಾಕಿದ್ದೀವಿ. ಆದ್ರೂ ತಾರೀಖನ್ನು ನಂಬಲ್ಲ.