ಆ ಗೋಪುರ ಯಾಕೆ ಮುಗಿದಿಲ್ಲ?

ಪ್ರಶ್ನೆ: ನ್ಯೂಯಾರ್ಕಿನಲ್ಲಿರುವ ಮಗಳ ಮನೆಗೆ ಹೋದಾಗ ಸೇಂಟ್ ಜಾನ್ ದಿ ಡಿವೈನ್ ಕೆಥೆಡ್ರಲ್ ನೋಡಿ ಬಂದೆವು. ಅಷ್ಟು ದೊಡ್ಡ ಚರ್ಚಿಗೆ ಗೋಪುರವೇ ಪೂರ್ತಿಯಾಗಿಲ್ಲ. ಅಂಥ ಸಿರಿವಂತರ ಊರಿನಲ್ಲೂ ದುಡ್ಡಿಗೆ ಬರವೇ? ಅದು ಎಪಿಸ್ಕೋಪಲ್ ಚರ್ಚು ಎಂದರು, ಹಾಗೆಂದರೇನು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಅಮೆರಿಕದಲ್ಲಿ ನೆಲೆನಿಂತ ಆಂಗ್ಲಿಕನ್ ಚರ್ಚಿಗೆ ಎಪಿಸ್ಕೋಪಲ್ ಎಂದು ಹೆಸರು. ದೇಶ ಸ್ವತಂತ್ರವಾದ ಮೇಲೂ ಇಂಗ್ಲೆಂಡಿನ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡುವುದು ಅಲ್ಲಿನ ಪಾದ್ರಿಗಳಿಂದ ಆಗದ ಮಾತು. ಹಾಗಾಗಿ 1789ರಲ್ಲಿ ತಮ್ಮದೇ ವ್ಯವಸ್ಥೆ ಮಾಡಿಕೊಂಡರು. ನಮ್ಮ ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೂಡ ಹುಟ್ಟಿದ್ದು ಆಂಗ್ಲಿಕನ್ ಚರ್ಚಾಗಿಯೇ. 1947ರಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ರೂಪುಗೊಂಡಾಗ ಅದರೊಳಗೆ ಸೇರಿತು. ಅಂದರೆ ನೀವು ನೋಡಿ ಬಂದದ್ದು ಅದರ ದೂರದ ದಾಯಾದಿಯನ್ನು.

ಇನ್ನು ಗೋಪುರ. ದುಡ್ಡು ಒಂದು ಕಾರಣ, ನಿಜ. ಆದರೆ ಅದೊಂದೇ ಅಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂಯಾರ್ಕಿನ ಹಳೆಯ ದುಡ್ಡಿನ ಮನೆತನಗಳು ಹೆಚ್ಚಾಗಿ ಎಪಿಸ್ಕೋಪಲ್ ಪಂಗಡದವು. ಐರಿಷ್ ವಲಸಿಗರ ಕ್ಯಾಥೊಲಿಕ್ ಪಂಗಡ ಫಿಫ್ತ್ ಅವೆನ್ಯೂದಲ್ಲಿ ಸೇಂಟ್ ಪ್ಯಾಟ್ರಿಕ್ಸ್ ಕಟ್ಟುತ್ತಿದ್ದಾಗ, ಈ ಎಪಿಸ್ಕೋಪಲ್ ಮನೆತನಗಳಿಗೆ ತಮಗೂ ಬಿಷಪ್ಪರ ಪೀಠವಿರುವ ಭಾರಿ ಚರ್ಚೊಂದು ಬೇಕೆನಿಸಿತು. ಅನಾಥಾಲಯದ ಜಾಗ ಕೊಂಡು 1892ರ ಡಿಸೆಂಬರ್ 27ರಂದು ಶಂಕುಸ್ಥಾಪನೆ ಮಾಡಿದರು. ನೆಲ ಅಗೆದರೆ ಗಟ್ಟಿ ಬಂಡೆ ಸಿಗಲೊಲ್ಲದು, ನೀರು ಜಿನುಗುತ್ತದೆ. ಪಾಯಕ್ಕೇ ದುಡ್ಡು ಕರಗಿತು, ಬ್ಯಾಂಕರ್ ಜೆ. ಪಿ. ಮಾರ್ಗನ್ ಐದು ಲಕ್ಷ ಡಾಲರ್ ಕೊಟ್ಟು ಕೈಹಿಡಿದ. ಒಳಗಿನ ದೈತ್ಯ ಕಂಬಗಳನ್ನು ಒಂದೊಂದೇ ಕಲ್ಲಿನಲ್ಲಿ ಕಡೆಯಬೇಕೆಂದಿದ್ದರು. ಕಡೆಯುವಾಗ ಕಲ್ಲು ಬಿರುಕು ಬಿಟ್ಟಿದ್ದರಿಂದ ಎರಡೆರಡು ತುಂಡು ಜೋಡಿಸಿ ನಿಲ್ಲಿಸಿದರು. ಕಟ್ಟಡದ ಶೈಲಿಯೂ ನಡುವೆ ಬದಲಾಯಿತು: ಶುರುವಾದದ್ದು ರೋಮನೆಸ್ಕ್–ಬೈಜಾಂಟಿನ್ ಮಾದರಿಯಲ್ಲಿ, 1911ರಿಂದ ವಾಸ್ತುಶಿಲ್ಪಿ ರಾಲ್ಫ್ ಆ್ಯಡಮ್ಸ್ ಕ್ರ್ಯಾಮ್ ಅದನ್ನು ಗಾಥಿಕ್‌ಗೆ ತಿರುಗಿಸಿದ. ನಡುವಣ ಗುಮ್ಮಟ ಮಾತ್ರ 1909ರಲ್ಲಿ ಗ್ವಾಸ್ಟವಿನೋ ಕಂಪನಿ ಹೆಂಚಿನ ಬಿಲ್ಲೆಗಳಿಂದ ಕಟ್ಟಿದ ತಾತ್ಕಾಲಿಕ ಮುಚ್ಚಿಗೆ. ನೂರು ವರ್ಷ ದಾಟಿದೆ, ಇನ್ನೂ ಅದೇ ಇದೆ!

1941ರ ನವೆಂಬರ್ 30ರಂದು 601 ಅಡಿ ಉದ್ದದ ಚರ್ಚು ಈ ತುದಿಯಿಂದ ಆ ತುದಿಯವರೆಗೆ ತೆರೆದುಕೊಂಡಿತು. ಒಂದೇ ವಾರಕ್ಕೆ ಪರ್ಲ್ ಹಾರ್ಬರ್ ದಾಳಿ. ಅಮೆರಿಕ ಯುದ್ಧಕ್ಕಿಳಿಯಿತು, ಉಳಿದ ಕೆಲಸ ನಿಂತಿತು.

ಆಮೇಲಿನದು ನನಗೆ ಈ ಕಥೆಯಲ್ಲೆಲ್ಲ ಮುಖ್ಯವೆನಿಸುವ ಭಾಗ. ಚರ್ಚಿರುವ ದಿಬ್ಬದ ಕೆಳಗೇ ಕರಿಯರ ಬಡಾವಣೆ ಹಾರ್ಲೆಮ್. ಬಡತನ, ಹಾಳುಬಿದ್ದ ಬಾಡಿಗೆ ಮನೆಗಳು, ಕರಿಯರ ಸಿಟ್ಟು. 1967ರಲ್ಲಿ ಬಿಷಪ್ ಹೊರೇಸ್ ಡೊನೆಗನ್, ಸುತ್ತಲ ಜನರ ಕಷ್ಟ ಹೀಗಿರುವಾಗ ಕಟ್ಟಡ ಮುಂದುವರಿಸುವುದಿಲ್ಲವೆಂದು ಸಾರಿಬಿಟ್ಟರು. ಗೋಪುರ ಮೊಂಡಾಗಿ ನಿಂತದ್ದರಲ್ಲಿ ಆ ತೀರ್ಮಾನದ ಪಾಲೂ ಇದೆ.

ಅವರ ನಂತರ ಬಂದ ಬಿಷಪ್ ಪಾಲ್ ಮೂರ್ ಮತ್ತು ಚರ್ಚಿನ ಡೀನ್ ಜೇಮ್ಸ್ ಪಾರ್ಕ್ಸ್ ಮಾರ್ಟನ್ ಜಾಣತನದ ಹಾದಿ ಹುಡುಕಿದರು. ಬಡವರಿಗೆ ಖರ್ಚು ಮಾಡಬೇಕೋ ಕಲ್ಲಿಗೋ ಎನ್ನುವ ಜಗಳ ಯಾಕೆ? ಸುತ್ತಲ ಹುಡುಗ ಹುಡುಗಿಯರಿಗೇ ಕಲ್ಲು ಕೆತ್ತುವುದನ್ನು ಕಲಿಸಿದರಾಯಿತು. 1979ರಲ್ಲಿ ಆವರಣದಲ್ಲೇ ಕಲ್ಲುಕುಟಿಗರ ಅಂಗಳ ಶುರುವಾಯಿತು, ಇಂಗ್ಲೆಂಡಿನಿಂದ ಮೇಸ್ತ್ರಿ ಬಂದರು. ಕೆಲಸ ಮತ್ತೆ ಶುರುವಾದ ಸಂಭ್ರಮಕ್ಕೆ 1982ರಲ್ಲಿ ಹಗ್ಗದ ನಡಿಗೆಯ ಕಲಾವಿದ ಫಿಲಿಪ್ ಪೆಟಿ ರಸ್ತೆಯ ಮೇಲೆ ಎತ್ತರದಲ್ಲಿ ಬಿಗಿದ ಹಗ್ಗದ ಮೇಲೆ ನಡೆದು ಚರ್ಚಿಗೆ ಬಂದ. ದಕ್ಷಿಣದ ಗೋಪುರ ಹತ್ತಾರು ಅಡಿ ಏರಿತು. 1990ರ ದಶಕದ ಆರಂಭದಲ್ಲಿ ದುಡ್ಡು ಮುಗಿದು ಸುತ್ತಿಗೆಯ ಸದ್ದು ಅಡಗಿತು. ಈಗ ಕಾಣುವ ಮೊಂಡು ಗೋಪುರ ಅದೇ.

ಗೋಪುರವಿಲ್ಲದಿದ್ದರೇನು, ಊರು ಅಲ್ಲಿಗೆ ಬರುವುದು ನಿಂತಿಲ್ಲ. ವಿದ್ಯುತ್ ಸಂಶೋಧಕ ನಿಕೋಲಾ ಟೆಸ್ಲಾನ ಅಂತಿಮ ಪ್ರಾರ್ಥನೆ 1943ರಲ್ಲಿ ಅಲ್ಲೇ ನಡೆಯಿತು. ಆತ ಹುಟ್ಟಿದ್ದು ಸರ್ಬಿಯನ್ ಆರ್ಥಡಾಕ್ಸ್ ಮನೆಯಲ್ಲಿ, ಅದು ಅಡ್ಡಿಯಾಗಲಿಲ್ಲ. ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ತೀರಿಕೊಂಡಾಗ, 1974ರಲ್ಲಿ, ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಏಡ್ಸ್ ಬಂದವರನ್ನು ಸಮಾಜ ದೂರ ತಳ್ಳುತ್ತಿದ್ದ 1985ರಲ್ಲೇ ಆ ರೋಗದಿಂದ ಸತ್ತವರಿಗೆ ಅಲ್ಲೊಂದು ಸ್ಮಾರಕ ಬಂತು. ಹಸಿದವರಿಗೆ ಊಟ ಬಡಿಸುತ್ತಾರೆ. ಅಕ್ಟೋಬರ್ ಮೊದಲ ವಾರ ಸಂತ ಫ್ರಾನ್ಸಿಸನ ಹಬ್ಬಕ್ಕೆ ನಾಯಿ, ಬೆಕ್ಕು, ಆಮೆಗಳನ್ನೆತ್ತಿಕೊಂಡು ಬರುತ್ತಾರೆ. ಒಂಟೆ, ಆನೆ ಕೂಡ ಒಳಗೆ ಮೆರವಣಿಗೆ ಬಂದದ್ದುಂಟು. ಪೀಠದ ಹಿಂದೆ ಸುತ್ತುವರಿದ ಏಳು ಚಿಕ್ಕ ಪ್ರಾರ್ಥನಾ ಮಂದಿರಗಳು ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್ ಹೀಗೆ ಬೇರೆ ಬೇರೆ ನುಡಿಯ ವಲಸಿಗರ ಹೆಸರಿನವು. ಇಷ್ಟೆಲ್ಲ ಪ್ರಾರ್ಥನೆಗೆ ಸಂಬಂಧಿಸಿದ್ದಲ್ಲ ಎಂದು ಗೊಣಗುವವರು ಅಲ್ಲೂ ಇದ್ದಾರೆ.

ಹಾಗೆಯೇ, ಒಳಗಿನ ಒಂದು ಕಲ್ಲಿನ ಕಟಾಂಜನದಲ್ಲಿ ಕ್ರಿಸ್ತಶಕದ ಶತಮಾನಗಳ ಮಹನೀಯರ ಸಾಲು ಕೆತ್ತಿದ್ದಾರೆ. ಇಪ್ಪತ್ತನೆಯ ಶತಮಾನಕ್ಕೆಂದು ಬಿಟ್ಟಿದ್ದ ಕಲ್ಲಿನಲ್ಲಿ 2001ರಲ್ಲಿ ಮೂಡಿದವರು ಮಾರ್ಟಿನ್ ಲೂಥರ್ ಕಿಂಗ್, ಐನ್‌ಸ್ಟೈನ್, ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಸೂಸನ್ ಬಿ. ಆ್ಯಂಟನಿ ಮತ್ತು ನಮ್ಮ ಗಾಂಧಿ. ಮತ್ತೆ ಹೋದರೆ ಹುಡುಕಿ.

ಗೋಪುರ ಮುಂದೆಂದಾದರೂ ಪೂರ್ತಿಯಾದೀತೇ? ಹೇಳುವುದು ಕಷ್ಟ. ಅದೇ 2001ರ ಡಿಸೆಂಬರಿನಲ್ಲಿ ಬೆಂಕಿ ಬಿದ್ದು, ಹೊಗೆಯ ಮಸಿ ತೊಳೆದು ಮತ್ತೆ ಪೂರ್ಣವಾಗಿ ತೆರೆಯಲು 2008 ಬಂತು. ಇದ್ದದ್ದನ್ನು ಉಳಿಸಿಕೊಳ್ಳುವ ಖರ್ಚಿಗೇ ಆವರಣದ ಅಂಚಿನ ಜಾಗವನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ಅಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ, ನೆರೆಹೊರೆಯವರ ವಿರೋಧವನ್ನೂ ಕಟ್ಟಿಕೊಂಡಿದ್ದಾರೆ. ನೀವು ಹೋದಾಗ ಉತ್ತರದ ಬದಿಯಲ್ಲಿ ಚರ್ಚಿಗೆ ಅಡ್ಡ ನಿಂತಂತೆ ಕಂಡಿರಬಹುದಾದ ಹೊಸ ಕಟ್ಟಡ ಅದೇ.